ಧರ್ಮಪುರಿಯ ಮಾದಯ್ಯ ಯಾರ ಹೆಸರು?

ಧರ್ಮಪುರಿ ಜಿಲ್ಲೆಯ ಪೆನ್ನಾಗರ, ಪಾಪಾರಪಟ್ಟಿ, ಸೇಲಂ ಜಿಲ್ಲೆಯ ಮೇಟೂರು, ಕೊಳತ್ತೂರು, ಮೇಚೇರಿ ಕಡೆಯ ಯಾವ ಮತದಾರರ ಪಟ್ಟಿಯನ್ನು ಬಿಡಿಸಿದರೂ ಒಂದು ಗಂಡು ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಮಾದಯ್ಯನ್. ಅದರ ಅಣ್ಣತಮ್ಮಂದಿರಂತೆ ಮಾದಪ್ಪನ್, ಮಾದೇಶ್ವರನ್, ಮಾದೇಶ್, ಮಾದು ಎಂಬ ಹೆಸರುಗಳೂ ಇವೆ. ಇಂಗ್ಲಿಷ್ ಅಕ್ಷರಗಳಲ್ಲಿ ಇದನ್ನು ಹತ್ತು ಬಗೆಯಾಗಿ ಬರೆಯುತ್ತಾರೆ. ಒಂದೇ ಮನೆಯ ತಂದೆ ಮಗನ ದಾಖಲೆಗಳಲ್ಲೇ ಕಾಗುಣಿತ ಬೇರೆಯಾಗಿರುವುದುಂಟು. ಹೊರಗಿನವರು ಇದನ್ನು ನೋಡಿ ಎರಡು ತೀರ್ಮಾನಗಳಲ್ಲಿ ಒಂದಕ್ಕೆ ಬರುತ್ತಾರೆ. ಕನ್ನಡದ ಅಭಿಮಾನಿಗೆ ಇದು ಕೈತಪ್ಪಿದ ಕನ್ನಡ ನೆಲದ ಗುರುತು. ತಮಿಳಾದ ಕನ್ನಡಿಗರ ಮೈಮೇಲೆ ಉಳಿದ ಹಳೆಯ ಮಚ್ಚೆ. ತಮಿಳಿನ ಅಭಿಮಾನಿಗೆ ಇದು 'ಅನ್' ಎಂದು ಮುಗಿಯುವ ಎಷ್ಟೋ ತಮಿಳು ಹೆಸರುಗಳಲ್ಲಿ ಒಂದು, ಅಷ್ಟೇ. ಈ ಎರಡೂ ತೀರ್ಮಾನಗಳು ತಪ್ಪು ಎಂಬುದು ನನ್ನ ವಾದ. ಮಾದಯ್ಯ ಎಂಬುದು ಹುಟ್ಟಿನಿಂದ ಕನ್ನಡದ ಹೆಸರು, ನಿಜ. ಆದರೆ ಅದು ಹೊತ್ತವನ ಭಾಷೆಯನ್ನಾಗಲಿ ಜಾತಿಯನ್ನಾಗಲಿ ಹೇಳುವುದಿಲ್ಲ. ಅವನ ಮನೆಯವರು ಯಾವ ಬೆಟ್ಟದ ಒಕ್ಕಲು ಎಂಬುದನ್ನು ಹೇಳುತ್ತದೆ.

ಬೆಟ್ಟ ಯಾವುದೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಏಳುಮಲೆ ಎಪ್ಪತ್ತೇಳು ಮಲೆಯ ಒಡೆಯನೆಂದು ಕರೆಸಿಕೊಳ್ಳುವ ಮಲೆ ಮಾದೇಶ್ವರನ ನೆಲೆ ಇಂದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿದೆ. ನಕ್ಷೆಯನ್ನು ಎದುರಿಗಿಟ್ಟುಕೊಂಡರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಬೆಟ್ಟದಿಂದ ಮೈಸೂರಿಗೆ ಸುಮಾರು 150 ಕಿಲೋಮೀಟರ್. ಪಾಲಾರ್ ಹಾದಿಯಲ್ಲಿ ಇಳಿದರೆ ಮೇಟೂರಿಗೆ ಅದರ ಮೂರನೇ ಒಂದು ಪಾಲು. ಕಾವೇರಿಯ ಆಚೆ ದಡ ಪೆನ್ನಾಗರದ ಸೀಮೆ, ಹೊಗೆನಕಲ್ಲಿನ ಜಲಪಾತ. ಮೈಸೂರು, ಮಂಡ್ಯದವರು ಈ ದೇವರನ್ನು ತಮ್ಮವನೆಂದುಕೊಂಡಷ್ಟೇ ಸಲೀಸಾಗಿ ಧರ್ಮಪುರಿ, ಸೇಲಂ, ಈರೋಡಿನವರೂ ಅಂದುಕೊಂಡಿದ್ದಾರೆ. ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿಯ ಪರಸೆಗಳಲ್ಲಿ ಬೆಟ್ಟದ ಮೇಲೆ ಕನ್ನಡದಷ್ಟೇ ತಮಿಳೂ ಕೇಳಿಸುತ್ತದೆ. ಹರಕೆ ಹೊತ್ತು ಪಡೆದ ಮಗುವಿನ ಮುಡಿಯನ್ನು ಅಲ್ಲೇ ಕೊಟ್ಟು, ದೇವರ ಹೆಸರನ್ನೇ ಇಟ್ಟುಕೊಂಡು ಇಳಿಯುವುದು ಎರಡೂ ಕಡೆಯ ರೂಢಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯೂ ಸೇರಿ, ಒಮ್ಮೆ ಮನೆಗೆ ಬಂದ ಮಾದಯ್ಯ ತಲೆಮಾರು ಬಿಟ್ಟು ತಲೆಮಾರು ಮರಳಿ ಬರುತ್ತಲೇ ಇರುತ್ತಾನೆ.

ಮೊದಲು ಹೆಸರನ್ನೇ ಹತ್ತಿರದಿಂದ ನೋಡೋಣ. ದೇವಸ್ಥಾನದ ಫಲಕದಲ್ಲಿ ಇಂದು 'ಮಹದೇಶ್ವರ' ಎಂದಿದೆ. ಆದರೆ ಸಂಸ್ಕೃತದ ಸಂಧಿನಿಯಮದಂತೆ ಈ ರೂಪ ಹುಟ್ಟುವುದೇ ಇಲ್ಲ. ಮಹಾ ಮತ್ತು ಈಶ್ವರ ಕೂಡಿದರೆ ಮಹೇಶ್ವರ. ಮಹತ್ ಮತ್ತು ಈಶ್ವರ ಕೂಡಿದರೆ ಮಹದೀಶ್ವರ. ಮಹದೇಶ್ವರ ಎರಡೂ ಅಲ್ಲ. ಹಿಂದಿನಿಂದ ಬಿಚ್ಚಿ ನೋಡಿದರೆ ಗಂಟು ಸಡಿಲವಾಗುತ್ತದೆ: ಜನರ ಬಾಯಲ್ಲಿ ಮೊದಲು ಇದ್ದದ್ದು ಮಾದ, ಮಾದಪ್ಪ, ಮಾದಯ್ಯ. ಆ ಮಾದನಿಗೆ ಗೌರವದಿಂದ ಈಶ್ವರ ಸೇರಿ ಮಾದೇಶ್ವರನಾಯಿತು. ಆಮೇಲೆ ಓದಿದವರ ಕೈಗೆ ಬಂದಾಗ 'ಮಾ' ಎಂಬುದು ಗ್ರಾಮ್ಯವೆನಿಸಿ 'ಮಹ' ಎಂದು ಹಿಗ್ಗಿತು. ಅಂದರೆ ಶಿಷ್ಟ ರೂಪ ಸವೆದು ಜನಪದ ರೂಪವಾದದ್ದಲ್ಲ, ಜನಪದ ರೂಪವೇ ತಿದ್ದಿಸಿಕೊಂಡು ಶಿಷ್ಟವಾದದ್ದು. ಇದಕ್ಕೆ ಪರಸೆಯ ಕೂಗು ಒತ್ತಾಸೆಯಾಗಿದೆ. ಬೆಟ್ಟ ಹತ್ತುವವರು 'ಉಘೇ ಮಾದಪ್ಪ' ಎನ್ನುತ್ತಾರೆ; ಕಂಸಾಳೆಯವರೂ ದೇವರಗುಡ್ಡರೂ ಹಾಡಿನುದ್ದಕ್ಕೂ ಮಾದಪ್ಪ, ಮಾದೇವ, ಮಾಯ್ಕಾರ ಎಂದು ಕರೆಯುತ್ತಾರೆ. ಗಂಡುಮಕ್ಕಳಿಗೆ ಇಟ್ಟ ಹೆಸರು ಕಿವಿಗೆ ಬಿದ್ದ ಈ ಕೂಗಿನಿಂದ ಬಂತೇ ಹೊರತು ಬರಹದ ಹೆಸರಿನಿಂದ ಬರಲಿಲ್ಲ. ಧರ್ಮಪುರಿಯಲ್ಲಿ ಹಳೆಯ ತಲೆಮಾರಿನವರು ಮಾದಯ್ಯನ್, ಮಾದಪ್ಪನ್ ಆಗಿದ್ದು ಹೊಸ ತಲೆಮಾರಿನವರು ಮಾದೇಶ್ ಆಗುತ್ತಿರುವುದಕ್ಕೂ ಇದೇ ಕಾರಣ. ಮೊದಲನೆಯದು ಹಾಡಿನ ರೂಪ, ಎರಡನೆಯದು ಫಲಕದ ರೂಪಕ್ಕೆ ಹತ್ತಿರದ್ದು.

ಕಾವೇರಿ ದಾಟಿದ ಮೇಲೆ ಹೆಸರಿಗೆ ಆದದ್ದು ಚಿಕ್ಕ ಬದಲಾವಣೆ. ತಮಿಳಿನಲ್ಲಿ ಗಂಡಸಿನ ಹೆಸರು ಸಾಮಾನ್ಯವಾಗಿ 'ಅನ್' ಎಂದು ಮುಗಿಯಬೇಕು. ಅಯ್ಯ ಅಯ್ಯನ್ ಆಯಿತು, ಅಪ್ಪ ಅಪ್ಪನ್ ಆಯಿತು. ತಮಿಳು ಲಿಪಿಯಲ್ಲಿ ತ, ದ ಎರಡಕ್ಕೂ ಒಂದೇ ಅಕ್ಷರ. ಪದದ ನಡುವೆ ಬಂದಾಗ ಅದನ್ನು ಮೃದುವಾಗಿ ಓದುತ್ತಾರೆ. ಆ ಅಕ್ಷರವನ್ನು ಇಂಗ್ಲಿಷಿಗೆ ತರುವಾಗ ತಮಿಳರು ಟಿ ಮತ್ತು ಎಚ್ ಅಕ್ಷರಗಳನ್ನು ಜೋಡಿಸುತ್ತಾರೆ. ಹಾಗಾಗಿ ಬೆಂಗಳೂರಿನ ಕಚೇರಿಯಲ್ಲಿ ಕುಳಿತ ಕನ್ನಡಿಗ ಗುಮಾಸ್ತ ಇಂಗ್ಲಿಷ್ ಅರ್ಜಿಯನ್ನು ನೋಡಿ 'ಮಾತಯ್ಯನ್' ಎಂದೋ 'ಮಥೇಶ್' ಎಂದೋ ಓದಿ, ಇದು ತನಗೆ ಸಂಬಂಧವಿಲ್ಲದ ಯಾವುದೋ ಹೆಸರೆಂದುಕೊಳ್ಳುತ್ತಾನೆ. ಕೇರಳದ ಕ್ರೈಸ್ತರ ಮತ್ತಾಯಿಯೊಂದಿಗೆ ಇದನ್ನು ಗಂಟುಹಾಕಿದರೂ ಆಶ್ಚರ್ಯವಿಲ್ಲ. ಕಿವಿಗೆ ಬಿದ್ದಿದ್ದರೆ ಗುರುತು ಹಿಡಿಯುತ್ತಿದ್ದ. ಕಣ್ಣಿಗೆ ಬಿದ್ದದ್ದರಿಂದ ತಪ್ಪಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಮಾದಯ್ಯ ಎಂದರೆ ಮಹಾದೇವ ತಾನೇ? ಶಿವನಿಗೆ ಇಡೀ ಭಾರತದಲ್ಲಿ ಇರುವ ಹೆಸರು ಅದು. ಅದನ್ನು ಒಂದು ಬೆಟ್ಟಕ್ಕೆ ಕಟ್ಟಿಹಾಕುವುದು ಏಕೆ? ಅಲ್ಲದೆ ಮಹಾ ಎಂಬುದನ್ನು 'ಮಾ' ಎಂದು ಮೊಟಕುಗೊಳಿಸುವುದು ಕನ್ನಡದ ಸ್ವತ್ತಲ್ಲ. ಹತ್ತನೇ ಶತಮಾನದ ಚೋಳ ರಾಣಿ ಸೆಂಬಿಯನ್ ಮಾದೇವಿಯ ಹೆಸರಿನಲ್ಲೂ ಅದೇ ಮೊಟಕು ಇದೆ. ಆಕ್ಷೇಪ ಸರಿಯಾದದ್ದೇ. ಆದರೆ ಅದು ನಿಜವಾಗಿದ್ದರೆ ಎರಡು ಸಂಗತಿಗಳು ಕಾಣಬೇಕಿತ್ತು. ಒಂದು, ತಮಿಳುನಾಡಿನ ಎಲ್ಲ ಶೈವ ಸೀಮೆಗಳಲ್ಲಿ ಈ ಹೆಸರು ಹರಡಿರಬೇಕಿತ್ತು. ಶಿವಾಲಯಗಳೇ ತುಂಬಿದ ತಂಜಾವೂರಿನಲ್ಲಿ, ತಿರುನೆಲ್ವೇಲಿಯಲ್ಲಿ ಅದು ಅಪರೂಪ. ದಟ್ಟವಾಗಿರುವುದು ಬೆಟ್ಟದಿಂದ ಕಾಲುದಾರಿಗಳು ಇಳಿಯುವ ಕಡೆಗಳಲ್ಲಿ. ಎರಡು, ರೂಪ ಮಹಾದೇವನ್ ಅಥವಾ ಮಾದೇವನ್ ಆಗಿರಬೇಕಿತ್ತು. 'ದೇವ' ಪೂರ್ತಿ ಕರಗಿಹೋಗಿ, ಉಳಿದ ಮಾದನಿಗೆ ಅಪ್ಪ, ಅಯ್ಯ ಸೇರಿದ ರೂಪ ಕಂಸಾಳೆಯ ಕಾವ್ಯದ್ದು. ಹೆಣ್ಣುಮಕ್ಕಳ ಮಾದಮ್ಮ, ಮಾದಮ್ಮಾಳ್ ಹೆಸರಿನಲ್ಲಿ ಇಷ್ಟು ನಿಖರವಾಗಿ ಮಾತಾಡುವಂತಿಲ್ಲ. ತಿರುವಳ್ಳೂರು, ಚಿತ್ತೂರು ಸೀಮೆಯಲ್ಲಿ ಮಾತಮ್ಮ ಎಂಬ ಬೇರೆಯೇ ಗ್ರಾಮದೇವತೆ ಇದ್ದಾಳೆ, ಎರಡು ಜಾಡುಗಳು ಅಲ್ಲಿ ಬೆರೆತಿರಬಹುದು. ಅದಕ್ಕೇ ಗಂಡು ಹೆಸರು ಹೆಚ್ಚು ನಂಬಬಹುದಾದ ಸಾಕ್ಷಿ.

ಎರಡನೆಯ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ: ಮಾದ ಎಂಬುದು ದೇವರ ಹೆಸರಿನ ಮೊಟಕೇ ಅಲ್ಲ, ಕುಲದ ಹೆಸರು, ಮಾದಪ್ಪ ಮಾದಿಗ ಕುಲದಲ್ಲಿ ಹುಟ್ಟಿದ ಸಾಧಕ, ಮಠಗಳು ಆಮೇಲೆ ಅವನನ್ನು ತಮ್ಮವನನ್ನಾಗಿ ಮಾಡಿಕೊಂಡವು ಎಂಬ ವಾದ. ಈ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಜನಪದ ಕಾವ್ಯದಲ್ಲಿ ಮಾದಪ್ಪ ಸುತ್ತೂರು, ಕುಂತೂರು ಮಠಗಳಿಗೆ ಬಂದು, ಗುರುವಿನ ಅಪ್ಪಣೆಯಂತೆ ರಾಗಿ ಬೀಸುವ ಕಾಯಕಕ್ಕೆ ಕೂರುತ್ತಾನೆ. ಹೊರಗಿನಿಂದ ಬಂದವನು ಮಠದೊಳಗೆ ಜಾಗ ಪಡೆದ ನೆನಪು ಅಲ್ಲಿದೆ. ಆದರೆ ಹೆಸರಿನ ಮಟ್ಟಿಗೆ ಹೇಳುವುದಾದರೆ ಈ ವ್ಯುತ್ಪತ್ತಿ ನಿಲ್ಲುವುದಿಲ್ಲ. ಹನ್ನೆರಡನೇ ಶತಮಾನದಲ್ಲಿ, ಈ ಬೆಟ್ಟದಿಂದ ನೂರಾರು ಮೈಲಿ ದೂರದ ಬಾಗೇವಾಡಿಯ ಅಗ್ರಹಾರದಲ್ಲಿ, ಬಸವಣ್ಣನ ತಂದೆಯ ಹೆಸರು ಮಾದರಸ. ಬ್ರಾಹ್ಮಣ ಮನೆಯಲ್ಲೇ 'ಮಾದ' ಇದ್ದ ಮೇಲೆ ಅದನ್ನು ಒಂದು ಕುಲಕ್ಕೆ ಮೀಸಲಿಡುವುದು ಹೇಗೆ? ಮಾದ ಆಗಿನ ಕನ್ನಡದ ಸಾಮಾನ್ಯ ಗಂಡು ಹೆಸರು, ಯಾರೂ ಇಟ್ಟುಕೊಳ್ಳಬಹುದಿತ್ತು. ಬೆಟ್ಟದ ಸುತ್ತ ಬೇಡಗಂಪಣರು, ಸೋಲಿಗರು, ಕುರುಬರು, ಲಿಂಗಾಯತರು, ಒಕ್ಕಲಿಗರು, ದಲಿತರು ಎಲ್ಲರಿಗೂ ಪಾಲಿದೆ. ದೇವರು ಯಾವ ಕುಲದವನೆಂಬ ವಾದ ಇಷ್ಟು ಕಾಲ ನಡೆದು ಬಂದಿರುವುದು, ಅವನನ್ನು ಯಾವ ಒಂದು ಕುಲಕ್ಕೂ ಪೂರ್ತಿ ತನ್ನವನನ್ನಾಗಿಸಿಕೊಳ್ಳಲು ಆಗಿಲ್ಲ ಎಂಬುದಕ್ಕೆ ಸಾಕ್ಷಿ.

ಈಗ ಗಡಿಯ ಪ್ರಶ್ನೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಒಂಬತ್ತನೇ ಶತಮಾನದ ಕೊನೆಯಲ್ಲಿ ಅಲ್ಲಿ ನೊಳಂಬರ ಆಳ್ವಿಕೆ. ಮಹೇಂದ್ರ ನೊಳಂಬನ ಕಾಲದ ಕನ್ನಡ ಶಾಸನವೊಂದು ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಸಹೋದರರು ತಗಡೂರಿನಲ್ಲಿ ಜೈನ ಬಸದಿ ಕಟ್ಟಿಸಿದ್ದನ್ನು ಹೇಳುತ್ತದೆ. ಧರ್ಮಪುರಿ ಕೋಟೆಯ ಕಾಮಾಕ್ಷಿ ದೇವಸ್ಥಾನದ ಕಂಬಗಳಲ್ಲಿ ನೊಳಂಬ ಶಿಲ್ಪದ ಕೈಚಳಕ ಇಂದಿಗೂ ಕಾಣುತ್ತದೆ. ಇಷ್ಟು ಸಿಕ್ಕಿದ್ದೇ ತಡ, ಮಾದಯ್ಯನನ್ನು ನಿಧಿಯಣ್ಣನ ವಂಶಕ್ಕೆ ಸೇರಿಸಿ, ಸಾವಿರದ ನೂರು ವರ್ಷಗಳ ಕನ್ನಡದ ಎಳೆ ಕಡಿಯದೆ ಬಂದಿದೆ ಎಂದು ಬರೆದುಬಿಡುವ ಆಸೆ ಯಾರಿಗಾದರೂ ಆದೀತು. ಆದರೆ ಆ ಶಾಸನವನ್ನೇ ಹೆಸರುಗಳ ಕಣ್ಣಿನಿಂದ ಓದಿದರೆ ಅದು ಎದುರಾಡುತ್ತದೆ. ನಿಧಿಯಣ್ಣ, ಚಂಡಿಯಣ್ಣ ಎಂಬ ಹೆಸರುಗಳು ಇಂದಿನ ಧರ್ಮಪುರಿಯ ಹಟ್ಟಿಗಳಲ್ಲಿ ಉಳಿದಿಲ್ಲ. ಆಳಿದವರು ಹೋದರು, ವರ್ತಕರು ಹೋದರು, ಅವರ ಹೆಸರುಗಳೂ ಹೋದವು. ಆಳ್ವಿಕೆಯೊಂದೇ ಹೆಸರನ್ನು ಉಳಿಸುವುದಾಗಿದ್ದರೆ ಮೊದಲು ಉಳಿಯಬೇಕಿದ್ದದ್ದು ಇವು. ಉಳಿದದ್ದು, ವರ್ಷಕ್ಕೊಮ್ಮೆ ಜನ ತಾವಾಗಿ ನಡೆದುಹೋಗಿ ಹೊಸದಾಗಿ ಕೇಳಿಸಿಕೊಂಡು ಬರುತ್ತಿದ್ದ ಹೆಸರು.

ಮೈಸೂರಿನ ಆಳ್ವಿಕೆಯ ವಾದಕ್ಕೂ ಇದೇ ಉತ್ತರ. ಹದಿನೇಳನೇ ಶತಮಾನದಲ್ಲಿ ಮೈಸೂರು ಒಡೆಯರ ಪಡೆ ಸೇಲಂ ಕಡೆಗೆ ಇಳಿಯಿತು. ಹೈದರ್, ಟಿಪ್ಪು ಕಾಲದಲ್ಲಿ ಧರ್ಮಪುರಿಯನ್ನೊಳಗೊಂಡ ಬಾರಾಮಹಲ್ ಮೈಸೂರಿನದ್ದು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಮತ್ತು ಸೇಲಂ ಈಸ್ಟ್ ಇಂಡಿಯಾ ಕಂಪನಿಗೆ ಹೋದವು. ಅಲೆಕ್ಸಾಂಡರ್ ರೀಡ್ ಮತ್ತು ಅವನ ಕೈಕೆಳಗಿನ ಥಾಮಸ್ ಮನ್ರೋ ಅಲ್ಲಿ ಕಂದಾಯದ ಹೊಸ ವ್ಯವಸ್ಥೆ ಕಟ್ಟಿದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬೆಟ್ಟವಿದ್ದ ಕೊಳ್ಳೇಗಾಲದ ಸೀಮೆಯೂ ಕಂಪನಿಗೆ ಸೇರಿ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಯಿತು. ಅದು ಮೈಸೂರು ರಾಜ್ಯಕ್ಕೆ ಮರಳಿದ್ದು 1956ರ ನವೆಂಬರ್ 1ರಂದು, ಭಾಷಾವಾರು ಪ್ರಾಂತಗಳ ರಚನೆಯಲ್ಲಿ. ಈ ಇಸವಿಗಳನ್ನು ಸಾಲಾಗಿ ಇಟ್ಟರೆ ಮುಖ್ಯವಾದ ಮಾತು ತಾನಾಗಿ ಹೊರಬರುತ್ತದೆ: 1792ಕ್ಕೆ ಮೊದಲು ಬೆಟ್ಟವೂ ಧರ್ಮಪುರಿಯೂ ಒಂದೇ ಮೈಸೂರಿನಲ್ಲಿದ್ದವು, 1799ರಿಂದ 1956ರವರೆಗೆ ಎರಡೂ ಒಂದೇ ಮದರಾಸಿನಲ್ಲಿದ್ದವು. ಪೆನ್ನಾಗರದಿಂದ ಬೆಟ್ಟಕ್ಕೆ ಹೊರಟವನು ಈ ಉದ್ದ ಕಾಲದಲ್ಲಿ, ನಡುವಿನ ಏಳು ವರ್ಷ ಬಿಟ್ಟರೆ, ರಾಜ್ಯದ ಗಡಿ ದಾಟಿಯೇ ಇರಲಿಲ್ಲ. ಮಾದಯ್ಯ ಎಂಬ ಹೆಸರು ಗಡಿ ದಾಟಿ ತಮಿಳುನಾಡಿಗೆ ಹೋಗಲಿಲ್ಲ. ಹೆಸರು ಇದ್ದಲ್ಲೇ ಇತ್ತು, ಅದರ ನಡುವೆ ಗಡಿ ಹಾಯಿತು.

ಹಾಗಾದರೆ ರಾಜ್ಯಗಳಲ್ಲದೆ ಈ ಸೀಮೆಯನ್ನು ಹೆಣೆದದ್ದು ಏನು? ಮುಖ್ಯವಾಗಿ ದನ, ಕುರಿ ಮತ್ತು ಅವುಗಳ ಹಿಂದೆ ನಡೆದ ಜನ. ಬೆಟ್ಟದ ಕಾವ್ಯವೇ ಇದನ್ನು ಹೇಳುತ್ತದೆ. ಮಾದಪ್ಪನಿಗೆ ಗುಡಿ ಕಟ್ಟಿಸಿದವನು ಆಲಂಬಾಡಿಯ ಜುಂಜೇಗೌಡ, ಕುರಿಮಂದೆಗಳ ಒಡೆಯ. ಆಲಂಬಾಡಿ ಇರುವುದು ಹೊಗೆನಕಲ್ಲಿನ ಹತ್ತಿರ, ಕಾವೇರಿಯ ದಂಡೆಯಲ್ಲಿ. ಆ ಊರಿನ ಹೆಸರು ಹೊತ್ತ ಆಲಂಬಾಡಿ ಎತ್ತುಗಳು ಪೆನ್ನಾಗರದ ಕಡೆಯ ತಳಿಯೆಂದೇ ಹೆಸರಾದವು. ಕಪ್ಪು ಬೂದು ಬಣ್ಣದ, ಹಣೆ ಮುಂದೆ ಚಾಚಿದ, ಕಲ್ಲುನೆಲದಲ್ಲಿ ಬಳಲದೆ ನಡೆಯುವ ಗಟ್ಟಿ ದನ ಅದು. ಮಳೆ ಬಿದ್ದಾಗ ಮಂದೆ ಕಾಡಿನೊಳಗೆ, ಬೆಳೆ ಕೊಯ್ದ ಮೇಲೆ ಮಂದೆ ಹೊಲಗಳಿಗೆ. ಈ ತಿರುಗಾಟದಲ್ಲಿ ಕನ್ನಡದವರ ದೊಡ್ಡಿಯೂ ತಮಿಳರ ಪಟ್ಟಿಯೂ ಒಂದೇ ಕಾಡಿನಲ್ಲಿದ್ದವು, ಹುಲಿಯ ಭಯ ಇಬ್ಬರಿಗೂ ಒಂದೇ. ಹುಲಿಯನ್ನೇ ಏರಿ ಕುಳಿತ ದೇವರಿಗೆ ಮಂದೆಯವರೆಲ್ಲ ಒಕ್ಕಲಾದದ್ದರಲ್ಲಿ ವಿಚಿತ್ರವೇನಿಲ್ಲ. ಮೇಟೂರಿನಿಂದ ಮೈಸೂರು ಕಡೆಗೆ ಹತ್ತುವ ಕಾವೇರಿಪುರದ ಕಣಿವೆ ಹಳೆಯ ವ್ಯಾಪಾರದ ದಾರಿಯೂ ಹೌದು. ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಕೊಯಮತ್ತೂರು ಕಡೆಗೆ ಇಳಿದದ್ದು ಅದೇ ಕಣಿವೆಯಲ್ಲಿ. 1934ರಲ್ಲಿ ಮೇಟೂರು ಅಣೆಕಟ್ಟು ಮುಗಿದು ನದಿಯ ಹಳೆಯ ಊರುಗಳು ಮುಳುಗಿದಾಗ ಅಲ್ಲಿಯ ಜನ ಸುತ್ತಲಿನ ದಿಣ್ಣೆಗಳಿಗೆ ಸರಿದರು. ತಮ್ಮ ದೇವರುಗಳನ್ನೂ ಹೆಸರುಗಳನ್ನೂ ಜತೆಗೇ ಒಯ್ದರು.

ಇನ್ನೂ ಒಂದು ಆಕ್ಷೇಪ ಉಳಿದಿದೆ. ಈ ಮಾದಯ್ಯಂದಿರೆಲ್ಲ ಮೂಲದಲ್ಲಿ ವಲಸೆ ಬಂದ ಕನ್ನಡಿಗರೇ ಇರಬೇಕು, ಕಾಲಾಂತರದಲ್ಲಿ ಮಾತು ಮರೆತರು ಎಂಬ ವಾದ. ಕೆಲವರ ವಿಷಯದಲ್ಲಿ ಇದು ನಿಜವೇ. ಎರಡೂ ಜಿಲ್ಲೆಗಳಲ್ಲಿ ಕನ್ನಡ ಮನೆಮಾತಿನ ಒಕ್ಕಲಿಗರು, ಕುರುಬರು, ಲಿಂಗಾಯತರು ಇದ್ದಾರೆ. ಆದರೆ ಸೇಲಂ ನಗರವನ್ನೇ ತೆಗೆದುಕೊಳ್ಳಿ. ಅಲ್ಲಿಯ ದೇವಾಂಗ ನೇಕಾರರು ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನೇ ಆಡುವವರು. ಅವರ ಕುಲದೇವತೆ ಚೌಡೇಶ್ವರಿ; ತಮಿಳು ಉಚ್ಚಾರದಲ್ಲಿ ಸೌಡೇಶ್ವರಿ ಎಂಬ ಹೆಸರಿನ ಕಾಲೇಜೂ ಊರಿನಲ್ಲಿದೆ. ಅವರ ಭಕ್ತಿಯ ಜಾಡು ಬೆಟ್ಟದ ಕಡೆಗಲ್ಲ, ಆ ತಾಯಿಯ ಕಡೆಗೆ. ಇತ್ತ ಪೆನ್ನಾಗರ, ಕೊಳತ್ತೂರಿನ ಹಳ್ಳಿಗಳಲ್ಲಿ ಮನೆಯಲ್ಲಿ ತಮಿಳು ಬಿಟ್ಟು ಬೇರೆ ಮಾತಾಡದ ವನ್ನಿಯರಲ್ಲೂ ಇತರರಲ್ಲೂ ಮಾದಯ್ಯನ್ ಇದ್ದಾನೆ. ಮನೆಮಾತಿನ ಗೆರೆ ಒಂದು ಕಡೆ, ಹೆಸರಿನ ಗೆರೆ ಇನ್ನೊಂದು ಕಡೆ. ಊರಿನ ಹೆಸರು ನೆಲಕ್ಕೆ ಅಂಟಿಕೊಂಡಿರುವುದರಿಂದ ಅಲ್ಲಿ ಯಾರು ನೆಲಸಿದ್ದರು ಎಂಬುದಕ್ಕೆ ಸಾಕ್ಷಿಯಾದೀತು. ಮನುಷ್ಯನ ಹೆಸರು ಹೇಳುವುದು ಅವನ ಹಿರಿಯರು ಎಲ್ಲಿಗೆ ಹೋಗಿಬರುತ್ತಿದ್ದರು ಎಂಬುದನ್ನು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದರಿಂದಲೇ ಗಡಿನಾಡಿನ ಎಷ್ಟೋ ಬರಹಗಳು ದಾರಿ ತಪ್ಪಿವೆ.

ನಮ್ಮ ಮನೆಯ ಹೆಸರುಗಳನ್ನೇ ಕನ್ನಡಿಗರು ನೋಡಿಕೊಂಡರೆ ಇದು ಸ್ಪಷ್ಟವಾಗುತ್ತದೆ. ತಿಮ್ಮಪ್ಪ, ತಿಮ್ಮಯ್ಯ, ತಿಮ್ಮೇಗೌಡ ಎಂಬ ಹೆಸರುಗಳು ತಿರುಮಲೆಯ ವೆಂಕಟರಮಣನಿಂದ ಬಂದವು. ಆ ಬೆಟ್ಟ ಕನ್ನಡ ನಾಡಿನಲ್ಲಿಲ್ಲ. ಹಾಗೆಂದು ಕನ್ನಡ ನಾಡಿನ ತಿಮ್ಮೇಗೌಡರೆಲ್ಲ ಆಂಧ್ರದಿಂದ ವಲಸೆ ಬಂದವರೆಂದು ಯಾರೂ ಹೇಳುವುದಿಲ್ಲ, ಹೇಳಿದರೆ ನಗುತ್ತೇವೆ. ಚಾಮರಾಜನಗರದ ಕಡೆಯ ಪಳನಿಸ್ವಾಮಿಗೂ ಕೊಯಮತ್ತೂರಿನ ನಂಜಪ್ಪನ್‌ಗೂ ಇದೇ ಮಾತು ಸಲ್ಲುತ್ತದೆ: ಒಬ್ಬನ ಹೆಸರು ಪಳನಿಯದ್ದು, ಇನ್ನೊಬ್ಬನದ್ದು ನಂಜನಗೂಡಿನದ್ದು. ದೂರದ ಹಂಗೇರಿಯಲ್ಲಿಯೂ ಹೀಗೆಯೇ. ಸುಮಾರು 1000ನೇ ಇಸವಿಯಲ್ಲಿ ಅಲ್ಲಿಯ ಮೊದಲ ಕ್ರೈಸ್ತ ರಾಜನಾಗಿ ಪಟ್ಟವೇರಿದವನ ಹುಟ್ಟುಹೆಸರು ವಾಯ್ಕ್. ದೀಕ್ಷೆಯಲ್ಲಿ ಪಡೆದದ್ದು ಇಶ್ಟ್ವಾನ್. ಅದರ ಬೇರು ಕಿರೀಟವೆಂಬ ಅರ್ಥದ ಗ್ರೀಕ್ ಪದದಲ್ಲಿದೆ. ಇಂದು ಅದು ಅಚ್ಚ ಹಂಗೇರಿಯನ್ ಗಂಡು ಹೆಸರು; ಹೊತ್ತವರು ಗ್ರೀಕರಲ್ಲ. ಹೆಸರಿನ ಹುಟ್ಟು ಒಂದು ಕಡೆ, ಅದನ್ನು ತನ್ನದಾಗಿಸಿಕೊಂಡವನ ಹುಟ್ಟು ಇನ್ನೊಂದು ಕಡೆ ಇರುವುದು ಜಗತ್ತಿನ ಎಲ್ಲ ಕಡೆಯ ವಾಡಿಕೆ.

ಪುಸ್ತಕದಿಂದ ಬಂದ ಹೆಸರಿಗೂ ಕಾಲ್ನಡಿಗೆಯಿಂದ ಬಂದ ಹೆಸರಿಗೂ ಇರುವ ವ್ಯತ್ಯಾಸವನ್ನು ತೋರಿಸಲು ಧರ್ಮಪುರಿಯಲ್ಲೇ ಒಳ್ಳೆಯ ಉದಾಹರಣೆ ಇದೆ. ಸಂಗಂ ಸಾಹಿತ್ಯದ ಅದಿಯಮಾನ್ ನೆಡುಮಾನ್ ಅಂಜಿ ತಗಡೂರಿನ ಅರಸು, ಅವ್ವೈಯಾರಿನ ಆಶ್ರಯದಾತ. ಇಂದು ಆ ಸೀಮೆಯಲ್ಲಿ ಅದಿಯಮಾನ್ ಎಂಬ ಹೆಸರಿಗೆ ಇರುವ ಮೆರುಗು ಇಪ್ಪತ್ತನೇ ಶತಮಾನದ ತಮಿಳು ಚಳವಳಿ ಕೊಟ್ಟದ್ದು. ಆ ಚಳವಳಿಯ ನಾಯಕರಲ್ಲಿ ರಾಮಯ್ಯ ಅನ್ಬಳಗನ್ ಆದ, ನಾರಾಯಣಸ್ವಾಮಿ ನೆಡುಂಚೆಳಿಯನ್ ಆದ ಕಾಲ ಅದು. ಸಂಸ್ಕೃತದ ವಾಸನೆಯಿದ್ದ ಹೆಸರುಗಳನ್ನು ಓದಿದವರು ಹುಡುಕಿ ಹುಡುಕಿ ಬಿಟ್ಟರು. ಆ ಅಲೆಯಲ್ಲೂ ಮಾದಯ್ಯನ್ ಕೊಚ್ಚಿಹೋಗಲಿಲ್ಲ. ಅವನು ವೇದಿಕೆಯ ಹೆಸರಾಗಿರಲಿಲ್ಲ, ಹರಕೆಯ ಹೆಸರಾಗಿದ್ದ. ತಿದ್ದುವವರ ಕಣ್ಣಿಗೆ ಅವನಲ್ಲಿ ಪರಕೀಯವಾದದ್ದೇನೂ ಕಾಣಲಿಲ್ಲ. ಇಟ್ಟುಕೊಂಡವರಿಗೆ ಬದಲಿಸುವ ಧೈರ್ಯವೂ ಬರಲಿಲ್ಲ.

ಆದ್ದರಿಂದ ಧರ್ಮಪುರಿಯ ಮಾದಯ್ಯನನ್ನು ಕನ್ನಡದ ಖಾತೆಗೋ ತಮಿಳಿನ ಖಾತೆಗೋ ಜಮಾ ಮಾಡುವ ಕೆಲಸವನ್ನು ಬಿಟ್ಟು, ಆ ಹೆಸರಿನಿಂದ ಏನನ್ನು ತಿಳಿಯಬಹುದೋ ಅದನ್ನು ತಿಳಿಯುವುದು ಲೇಸು. ಪೆನ್ನಾಗರ, ಮೇಟೂರು, ಅಂದಿಯೂರು, ಕೊಳ್ಳೇಗಾಲ, ಕನಕಪುರ ಸೀಮೆಗಳ ಹಳೆಯ ಮತದಾರರ ಪಟ್ಟಿ, ಶಾಲೆಯ ದಾಖಲಾತಿ ಪುಸ್ತಕಗಳಿಂದ ಊರೂರಿನ ಮಾದಯ್ಯಂದಿರನ್ನು ಗುರುತಿಸಿ ನಕ್ಷೆಯ ಮೇಲೆ ಇಟ್ಟರೆ, ಯಾವ ಶಾಸನವೂ ಹೇಳದ ಒಂದು ನಾಡು ಎದ್ದು ಬರುತ್ತದೆ. ಅದರ ಎಲ್ಲೆ ಎಲ್ಲಿಗೆ ಮುಗಿಯುತ್ತದೆ, ನಂಜಪ್ಪನ ನಾಡು ಎಲ್ಲಿಂದ ಶುರುವಾಗುತ್ತದೆ, ಹೆಸರು ಯಾವ ಕಣಿವೆಯಲ್ಲಿ ಇಳಿದು ಯಾವ ಹೊಳೆಯ ದಡದಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಅದರಲ್ಲಿ ತಿಳಿದೀತು. ಕೆಲಸಕ್ಕೆ ತಡಮಾಡುವಂತಿಲ್ಲ, ಮಾದಯ್ಯ ಮಾದೇಶ್ ಆಗುತ್ತಿದ್ದಾನೆ, ಮಾದೇಶನ ಮಗನಿಗೆ ಬೆಟ್ಟದ ಸಂಬಂಧವೇ ಇಲ್ಲದ ಹೆಸರು ಬರುತ್ತಿದೆ. 1956ರ ಗೆರೆಯನ್ನು ಎಳೆದವರು ಜನರ ಮನೆಮಾತನ್ನು ಎಣಿಸಿದ್ದರು, ಅವರು ಯಾವ ಬೆಟ್ಟಕ್ಕೆ ಮುಡಿ ಕೊಡುತ್ತಾರೆಂದು ಕೇಳಿರಲಿಲ್ಲ. ಆಡಳಿತಕ್ಕೆ ಆ ಪ್ರಶ್ನೆ ಬೇಕಿರಲಿಲ್ಲ, ಸರಿ. ಚರಿತ್ರೆ ಬರೆಯುವವರು ಅದನ್ನು ಕೇಳದೆ ಬಿಟ್ಟರೆ ಗಡಿನಾಡಿನ ಬದುಕಿನ ಅರ್ಧ ಭಾಗ ಅವರ ಕಣ್ಣಿಗೆ ಬೀಳುವುದೇ ಇಲ್ಲ.